ಯಾರ ಮಾತಿಗೆ ಯಾರ ನಗು

ಟೀವಿಯ ಕಾಮಿಡಿ ಶೋಗಳ ಮಾತು ಬಂದರೆ ನಮ್ಮೂರು ಅರಿಶಿನಕುಂಟೆ ಎರಡು ಪಕ್ಷವಾಗುತ್ತದೆ. ‘ದುಡಿದು ದಣಿದು ಬಂದೋರು ಒಂದು ಗಂಟೆ ನಕ್ಕರೆ ಯಾರ ಗಂಟೇನು ಹೋಯ್ತು’ ಎನ್ನುವವರು ಒಂದು ಕಡೆ. ‘ಮನೆಮಂದಿ ಜೊತೆ ಕೂತು ನೋಡೋ ಹಾಗಿಲ್ಲ’ ಎಂದು ರಿಮೋಟು ಕೈಗೆತ್ತಿಕೊಳ್ಳುವವರು ಇನ್ನೊಂದು ಕಡೆ. 2016ರಲ್ಲಿ ಜೀ ಕನ್ನಡದಲ್ಲಿ ‘ಕಾಮಿಡಿ ಕಿಲಾಡಿಗಳು’ ಶುರುವಾದಾಗ ಈ ವಾದ ಇತ್ತು. ಕಲರ್ಸ್ ವಾಹಿನಿಗಳಲ್ಲಿ ‘ಮಜಾಭಾರತ’, ‘ಗಿಚ್ಚಿ ಗಿಲಿಗಿಲಿ’ ಬಂದಾಗಲೂ ಇತ್ತು. 2025ರ ಫೆಬ್ರವರಿಯಲ್ಲಿ ‘ಮಜಾ ಟಾಕೀಸ್’ ಮತ್ತೆ ಬಂದಾಗ ಇನ್ನಷ್ಟು ಜೋರಾಯಿತು. ಎರಡೂ ಕಡೆಯವರ ಮಾತನ್ನು ಇಷ್ಟು ವರ್ಷ ಕೇಳಿದ ಮೇಲೆ ನನಗೆ ಖಚಿತವಾಗಿರುವುದು ಇಷ್ಟು: ವಾದ ಮೇಲ್ನೋಟಕ್ಕೆ ಅಶ್ಲೀಲದ ಸುತ್ತ ಸುತ್ತುತ್ತದೆ, ಅದರ ಬೇರು ಮಾತ್ರ ಬೇರೆ ಕಡೆ ಇದೆ. ಸ್ಕಿಟ್ಟಿನಲ್ಲಿ ಮಾತಾಡುವ ಮನುಷ್ಯನ ಜೊತೆ ಸೇರಿ ನಗುತ್ತಿದ್ದೇವೋ, ಅವನು ಆಡುವ ಮಾತನ್ನೇ ಆಡಿಕೊಂಡು ನಗುತ್ತಿದ್ದೇವೋ ಎಂಬಲ್ಲಿ ನೋಡುಗರು ಒಡೆಯುತ್ತಾರೆ.

ನಮ್ಮೂರಲ್ಲಿ ಇದು ಎದ್ದು ಕಾಣುವುದಕ್ಕೆ ಊರು ಇರುವ ಜಾಗವೇ ಕಾರಣ. ಬೆಂಗಳೂರಿನಿಂದ ಬರುವ ಹೆದ್ದಾರಿ ನೆಲಮಂಗಲದ ಹತ್ತಿರ ಕವಲೊಡೆಯುತ್ತದೆ. ಒಂದು ದಾರಿ ತುಮಕೂರು, ಚಿತ್ರದುರ್ಗ, ಹುಬ್ಬಳ್ಳಿಯ ಕಡೆಗೆ. ಇನ್ನೊಂದು ಕುಣಿಗಲ್, ಹಾಸನ, ಮಂಗಳೂರಿನ ಕಡೆಗೆ. ನೆಲಮಂಗಲಕ್ಕೆ ಅಂಟಿಕೊಂಡ ಅರಿಶಿನಕುಂಟೆಯಲ್ಲಿ ಈ ಎರಡೂ ದಾರಿ ಹಿಡಿದು ಬಂದವರು ಬಾಡಿಗೆಗಿದ್ದಾರೆ. ಪೀಣ್ಯದ ಕಾರ್ಖಾನೆಗೆ, ದಾಬಸ್‌ಪೇಟೆಯ ಕಾರ್ಖಾನೆಗೆ, ಹೆದ್ದಾರಿ ಬದಿಯ ಗೋಡೌನುಗಳಿಗೆ ಹೋಗುವವರು. ರಾಗಿ ಹೊಲ ಲೇಔಟಾಗಿ, ಲೇಔಟಿನಲ್ಲಿ ಸಾಲುಮನೆ ಎದ್ದ ಮೇಲೆ, ಹಿಂದಿನಿಂದ ಇದ್ದ ಒಕ್ಕಲು ಮನೆಗಳ ‘ಬಂದವ್ನೆ, ಹೋಗವ್ನೆ’ಯ ಪಕ್ಕದಲ್ಲೇ ‘ಬರಾಕತ್ಯಾನ’ ಕೇಳುತ್ತದೆ. ಅದರಾಚೆ ‘ಎಂತ ಮಾರಾಯ್ರೆ’. ಶನಿವಾರ, ಭಾನುವಾರದ ರಾತ್ರಿ ಮೂರು ಮನೆಯ ಟೀವಿಯಲ್ಲೂ ಒಂದೇ ಸ್ಕಿಟ್ ಓಡುತ್ತಿರುತ್ತದೆ. ನಗು ಮಾತ್ರ ಒಟ್ಟಿಗೆ ಏಳುವುದಿಲ್ಲ. ಹಾವೇರಿಯವರ ಮನೆ ನಗುವ ಕಡೆ ಹಾಸನದವರ ಮನೆ ಸುಮ್ಮನಿರುತ್ತದೆ, ಹಾಸನದವರು ಹೊಟ್ಟೆ ಹಿಡಿದುಕೊಂಡು ನಗುವಾಗ ಹಾವೇರಿಯವರ ಮನೆಯಲ್ಲಿ ಚಾನೆಲ್ ಬದಲಾಗಿರುತ್ತದೆ.

ಹಿಂದಿನ ಕನ್ನಡ ಟೀವಿಗೆ ಈ ಕಷ್ಟ ಇರಲಿಲ್ಲ. ದೂರದರ್ಶನದ ‘ಕ್ರೇಜಿ ಕರ್ನಲ್’ ಇರಲಿ, ಈಟಿವಿ ಕನ್ನಡದಲ್ಲಿ ಬಂದ ‘ಸಿಲ್ಲಿ ಲಲ್ಲಿ’, ‘ಪಾಪ ಪಾಂಡು’ ಇರಲಿ, ಅವು ನಡೆಯುತ್ತಿದ್ದದ್ದು ಬೆಂಗಳೂರಿನ ಮಧ್ಯಮ ವರ್ಗದ ಒಂದು ಮನೆಯಲ್ಲಿ, ಆ ಮನೆಯ ಕನ್ನಡದಲ್ಲಿ. ವಿಜಯಪ್ರಸಾದ್ ಅವರ ‘ಸಿಲ್ಲಿ ಲಲ್ಲಿ’ಯನ್ನು ನಾನು ಇಂದಿಗೂ ದೊಡ್ಡ ಕೆಲಸವೆಂದೇ ಎಣಿಸುತ್ತೇನೆ. ಅಲ್ಲಿ ಒಬ್ಬೊಬ್ಬರಿಗೂ ಒಂದೊಂದು ಹುಚ್ಚು, ಆ ಹುಚ್ಚು ದಿನದಿಂದ ದಿನಕ್ಕೆ ಬೆಳೆಯುತ್ತಿತ್ತು. ರವಿಶಂಕರ್ ಅವರ ಡಾಕ್ಟರ್ ವಿಠಲ್ ರಾವ್ ಬಾಯಿ ತೆರೆಯುವ ಮೊದಲೇ ನಾವು ನಗಲು ಸಿದ್ಧರಿರುತ್ತಿದ್ದೆವು, ಏಕೆಂದರೆ ಆ ಮನುಷ್ಯ ನಮಗೆ ಗೊತ್ತಿದ್ದ. ಆದರೆ ಆ ಲೋಕದೊಳಗೆ ಧಾರವಾಡದವರಾಗಲಿ, ಕುಂದಾಪುರದವರಾಗಲಿ ಬರುತ್ತಿದ್ದದ್ದು ಹೆಚ್ಚಾಗಿ ಅತಿಥಿಯಾಗಿ, ಒಂದೆರಡು ಕಂತಿಗೆ. ಉತ್ತರ ಕರ್ನಾಟಕದ ಮಾತಿನ ಪೂರ್ತಿ ರುಚಿಯನ್ನು ಹಳೆ ಮೈಸೂರಿನ ಮನೆಗಳಿಗೆ ಮುಟ್ಟಿಸಿದ್ದು ಧಾರಾವಾಹಿಗಿಂತ ಹೆಚ್ಚಾಗಿ ವೇದಿಕೆ. ಬೀಚಿಯವರನ್ನು ಗುರುವಿನಂತೆ ಕಂಡ ಗಂಗಾವತಿ ಪ್ರಾಣೇಶ್ ಎದ್ದು ನಿಂತು ತಮ್ಮ ಊರಿನ ಮಾತಿನಲ್ಲೇ ಕತೆ ಹೇಳಿದಾಗ, ಅದನ್ನು ಅರ್ಥ ಮಾಡಿಕೊಳ್ಳಲು ಬೇಕಾದ ಶ್ರಮವನ್ನು ಕೇಳುಗರೇ ಸಂತೋಷದಿಂದ ಪಟ್ಟರು.

‘ಕಾಮಿಡಿ ಕಿಲಾಡಿಗಳು’ ಮಾಡಿದ ನಿಜವಾದ ಉಪಕಾರವನ್ನು ಇಲ್ಲಿಟ್ಟು ನೋಡಬೇಕು. ಜಿಲ್ಲೆಗಳಿಂದ ಹುಡುಗ ಹುಡುಗಿಯರನ್ನು ಆರಿಸಿ ತಂದು, ಅವರವರ ಮಾತನ್ನು ಅವರವರ ಬಾಯಲ್ಲೇ ಬಿಟ್ಟು, ವಾರಾಂತ್ಯದ ಅತಿ ಮುಖ್ಯ ಹೊತ್ತಿನಲ್ಲಿ ಮುಂದೆ ನಿಲ್ಲಿಸಿತು. ಮೊದಲ ಸೀಸನ್ ಗೆದ್ದವರು ಕೆ.ಆರ್. ಪೇಟೆಯ ಶಿವರಾಜ್. ಅವರ ಜೊತೆ ಸಮಸಮನಾಗಿ ನಿಂತವರು ಹುಬ್ಬಳ್ಳಿಯ ನಯನಾ. ಮೂರನೇ ಸೀಸನ್ ಗೆದ್ದವರು ತುಳು ರಂಗಭೂಮಿಯಿಂದ ಬಂದ ಉಡುಪಿಯ ರಾಕೇಶ್ ಪೂಜಾರಿ. ಮಂಡ್ಯ, ಹುಬ್ಬಳ್ಳಿ, ಉಡುಪಿ: ನಮ್ಮೂರಿನ ಸಾಲುಮನೆಯೇ ವೇದಿಕೆಯ ಮೇಲೆ ನಿಂತಂತೆ. ನಯನಾ ಗೆಲ್ಲಬೇಕೋ ಶಿವರಾಜ್ ಗೆಲ್ಲಬೇಕೋ ಎಂದು ಇಲ್ಲಿ ಆಗ ಆದ ಚರ್ಚೆಯಲ್ಲಿ ಅಭಿಮಾನ ಎಷ್ಟಿತ್ತೋ ಊರಿನ ಸೆಳೆತವೂ ಅಷ್ಟೇ ಇತ್ತು.

ಈ ಮೂವರೂ ಒಂದೇ ತೆರನಾದ ನಟರಲ್ಲ. ಶಿವರಾಜ್ ಅವರ ಬಲ ಇರುವುದು ತಡೆಯುವುದರಲ್ಲಿ. ಉತ್ತರ ನಾಲಿಗೆಯ ತುದಿಯಲ್ಲಿದೆ ಎಂದು ಗೊತ್ತಾಗುತ್ತದೆ. ಅದನ್ನು ಅವರು ಹಿಡಿದಿಟ್ಟುಕೊಂಡು, ಏನೂ ತಿಳಿಯದವರ ಹಾಗೆ ಒಮ್ಮೆ ಎದುರಿನವರನ್ನು, ಒಮ್ಮೆ ನೆಲವನ್ನು ನೋಡುತ್ತಾರೆ. ಮಂಡ್ಯದ ಎಳೆದು ಆಡುವ ಮಾತಿಗೆ ಆ ತಡ ಹೇಳಿ ಮಾಡಿಸಿದ್ದು. 2020ರಲ್ಲಿ ಬಂದ ‘ನಾನು ಮತ್ತು ಗುಂಡ’ ಚಿತ್ರದಲ್ಲಿ, ನಾಯಿಯೊಂದನ್ನು ಹಚ್ಚಿಕೊಂಡ ಆಟೋ ಚಾಲಕನಾಗಿ ಅವರು ಅದೇ ತಡವನ್ನು ಅಳಿಸುವುದಕ್ಕೂ ಬಳಸಿದರು. ಸ್ಕಿಟ್ಟುಗಳಲ್ಲಿ ಅವರಿಂದ ತೆಗೆಸದೆ ಉಳಿದದ್ದು ಎಷ್ಟಿತ್ತು ಎಂದು ಆಗ ತಿಳಿಯಿತು. ನಯನಾ ಇದಕ್ಕೆ ಪೂರ್ತಿ ವಿರುದ್ಧ. ಅವರದು ಓಟ. ಒಂದು ವಾಕ್ಯ ಮುಗಿಯುವ ಮುಂಚೆ ಇನ್ನೊಂದು ಹುಟ್ಟುತ್ತದೆ. ದನಿ ಏರುತ್ತಾ ಹೋಗಿ, ಎಲ್ಲರೂ ಇನ್ನು ಮೇಲಕ್ಕೆ ಜಾಗವಿಲ್ಲ ಎಂದುಕೊಂಡಾಗ ಥಟ್ಟನೆ ಇಳಿಯುತ್ತದೆ. ಆ ಇಳಿತದಲ್ಲಿ ನಗು. ರಾಕೇಶ್ ಪೂಜಾರಿಗೆ ಸ್ವಂತದ್ದೆಂದು ಇದ್ದದ್ದು ಎದುರು ಪಾತ್ರಕ್ಕೆ ಕಿವಿಕೊಡುವ ಗುಣ. ತಾನು ಮಾತಾಡದ ಹೊತ್ತಿನಲ್ಲೂ ಅವರು ಪಾತ್ರದೊಳಗೇ ಇರುತ್ತಿದ್ದರು. ತಂಡ ಕಟ್ಟಿಕೊಂಡು ಊರೂರು ನಾಟಕ ಆಡಿದವರಲ್ಲಿ ಮಾತ್ರ ಕಾಣುವ ಅಭ್ಯಾಸ ಅದು. 2025ರ ಮೇ ತಿಂಗಳಲ್ಲಿ ಅವರು ತೀರಿಕೊಂಡಾಗ ಇಲ್ಲಿ ಕರಾವಳಿಯವರಲ್ಲದ ಮನೆಗಳಲ್ಲೂ ಮರುಗಿದರು. ತುಳು ಬಾರದ, ಉಡುಪಿ ನೋಡದ ಜನ ಒಬ್ಬ ಉಡುಪಿಯ ಹುಡುಗನನ್ನು ಮನೆಯವನೆಂದುಕೊಂಡಿದ್ದರು. ಈ ಶೋಗಳು ಸಾಧಿಸಬಲ್ಲದ್ದರ ಅಳತೆ ಅದೇ.

ಹಾಗಿದ್ದರೆ ಬೇಸರ ಯಾಕೆ? ವಾರಕ್ಕೆ ಎರಡು ಕಂತು, ಕಂತಿಗೆ ನಾಲ್ಕಾರು ಸ್ಕಿಟ್, ತಿಂಗಳುಗಟ್ಟಲೆ. ಇಷ್ಟನ್ನು ಬರೆದು ಪೂರೈಸಲು ಹೊಸ ಮನುಷ್ಯರನ್ನು ಕಂಡುಹಿಡಿಯುವ ಪುರುಸೊತ್ತಿಲ್ಲ. ಆಗ ಕೈಗೆ ಸಿಗುವುದು ಸಿದ್ಧ ಮೂರ್ತಿಗಳು: ಜೋರುಬಾಯಿಯ ಹುಬ್ಬಳ್ಳಿ ಹೆಂಗಸು, ಪೇಟೆಗೆ ಬಂದು ಲಿಫ್ಟಿನಲ್ಲಿ ಕಕ್ಕಾಬಿಕ್ಕಿಯಾಗುವ ಹಳ್ಳಿಯವನು, ಪುಸ್ತಕದ ಕನ್ನಡ ಮಾತಾಡುವ ಮಂಗಳೂರಿನವನು, ಕುಡುಕ ಗಂಡ. ಇವರಿಗೆ ಹೆಸರು ಬದಲಾಗುತ್ತದೆ, ಮನೆ ಬದಲಾಗುತ್ತದೆ, ಒಳಗಿನ ಮನುಷ್ಯ ಇರುವುದೇ ಇಲ್ಲ. ಮೊದಲ ವಾರಗಳಲ್ಲಿ ಊರಿನ ಮಾತಿನೊಳಗಿಂದ ಹುಟ್ಟುತ್ತಿದ್ದ ನಗು, ಸೀಸನ್ನು ಅರ್ಧ ದಾಟುವ ಹೊತ್ತಿಗೆ ಊರಿನ ಮಾತಿನ ಮೇಲೆ ಬೀಳತೊಡಗುತ್ತದೆ. ಬಸ್‌ಸ್ಟ್ಯಾಂಡಿನಲ್ಲಿ ಒಬ್ಬಳು ಟಿಕೆಟ್ ಚಿಲ್ಲರೆಗಾಗಿ ಜಗಳ ಆಡುತ್ತಾಳೆ ಎಂದುಕೊಳ್ಳಿ. ಚಿಲ್ಲರೆ ಅವಳಿಗೆ ಯಾಕೆ ಮುಖ್ಯ ಎಂದು ಬರೆದವರಿಗೆ ಗೊತ್ತಿದ್ದರೆ ಅವಳ ಪ್ರತಿ ಬೈಗುಳಕ್ಕೂ ನಗು ಬರುತ್ತದೆ, ರಾಯಚೂರಿನವರಿಗೂ ರಾಮನಗರದವರಿಗೂ. ಗೊತ್ತಿಲ್ಲದಿದ್ದರೆ ಉಳಿಯುವುದು ಬೈಗುಳದ ರಾಗ ಮಾತ್ರ. ಆ ರಾಗ ಯಾರ ಮನೆಯದೋ ಆ ಮನೆಯವರು ಎದ್ದು ಹೋಗುತ್ತಾರೆ.

ಎದ್ದು ಹೋದವರ ಲೆಕ್ಕ ಚಾನೆಲ್ಲಿಗೆ ಸಿಕ್ಕೀತು, ಅವರು ಯಾಕೆ ಎದ್ದರು ಎಂಬುದು ಸಿಗುವುದಿಲ್ಲ. ಟಿಆರ್‌ಪಿ ಅಳೆಯುವ ಬಾರ್ಕ್ ಸಂಸ್ಥೆ ದೇಶದಾದ್ಯಂತ 50,000ಕ್ಕೂ ಹೆಚ್ಚು ಮನೆಗಳಲ್ಲಿ ಮೀಟರ್ ಇಟ್ಟಿದೆ. ಮನೆಯ ಒಬ್ಬೊಬ್ಬರಿಗೂ ರಿಮೋಟಿನಲ್ಲಿ ಒಂದೊಂದು ಗುಂಡಿ, ಟೀವಿ ಮುಂದೆ ಕೂತವರು ಒತ್ತಬೇಕು. ಯಾರು ಎಷ್ಟು ಹೊತ್ತು ಕೂತರು ಎಂಬುದು ಇದರಿಂದ ತಿಳಿಯುತ್ತದೆ. ಕೂತವರು ನಕ್ಕರೋ, ಸಂಕಟಪಟ್ಟರೋ, ಇನ್ನೊಬ್ಬರ ಖುಷಿಗಾಗಿ ಸುಮ್ಮನೆ ಕೂತಿದ್ದರೋ ತಿಳಿಯುವ ದಾರಿಯೇ ಇಲ್ಲ. ನಮ್ಮ ಮನೆಗಳಲ್ಲಿ ಸೊಸೆಯಂದಿರು, ಬಾಡಿಗೆಗೆ ಬಂದ ಹುಡುಗರು, ಅಜ್ಜಿಯರು ಹಾಗೆ ಸುಮ್ಮನೆ ಕೂತಿರುವುದು ಹೊಸತೇನಲ್ಲ.

ಪ್ರಾದೇಶಿಕ ಮಾತನ್ನು ಹೀಯಾಳಿಸುವ ಬಗ್ಗೆ ಕಾನೂನು ಮೌನವಾಗಿಲ್ಲ ಎಂಬುದು ಹೆಚ್ಚಿನವರ ಗಮನಕ್ಕೆ ಬಂದಿಲ್ಲ. 1994ರ ಕೇಬಲ್ ಟೆಲಿವಿಷನ್ ನೆಟ್‌ವರ್ಕ್ ನಿಯಮಗಳಲ್ಲಿ 6ನೆಯದು ಕಾರ್ಯಕ್ರಮ ಸಂಹಿತೆ. ಯಾವುದೇ ಭಾಷಿಕ, ಪ್ರಾದೇಶಿಕ ಸಮುದಾಯವನ್ನು ನಿಂದಿಸುವ, ಕೀಳಾಗಿ ಕಾಣುವ ದೃಶ್ಯ ಅಥವಾ ಮಾತು ಇರಕೂಡದೆಂದು ಅದು ಹೇಳುತ್ತದೆ. ಹಾಗೆಂದು ಪ್ರತಿ ಸ್ಕಿಟ್ಟಿನ ಮೇಲೂ ದೂರು ಹಾಕಬೇಕೆಂದು ನಾನು ಹೇಳುವುದಿಲ್ಲ. ದೂರಿನ ಭಯದಲ್ಲಿ ಬರೆದ ಹಾಸ್ಯ ಸತ್ತೇ ಹುಟ್ಟುತ್ತದೆ, ಮತ್ತು ಭಯ ಬಿದ್ದ ಚಾನೆಲ್ಲುಗಳು ಮೊದಲು ಕೈಬಿಡುವುದು ಊರಿನ ಮಾತನ್ನೇ. ಎಲ್ಲರೂ ಬೆಂಗಳೂರಿನ ಕನ್ನಡಕ್ಕೆ ಮರಳಿಬಿಡುತ್ತಾರೆ. ನಯನಾ, ರಾಕೇಶ್ ಅವರಂಥವರಿಗೆ ಬಾಗಿಲು ಮುಚ್ಚುವುದಕ್ಕಿಂತ ಹತ್ತು ಕೆಟ್ಟ ಸ್ಕಿಟ್ ಸಹಿಸುವುದು ಮೇಲು.

ಮೈಯನ್ನು ಆಡಿಕೊಳ್ಳುವ ವಿಷಯದಲ್ಲಿ ಮಾತ್ರ ನನಗೆ ಅಷ್ಟು ಸಹನೆ ಇಲ್ಲ. ದಪ್ಪ, ಕುಳ್ಳು, ಕಪ್ಪು, ಬೋಳುತಲೆ, ತೊದಲು. ಈ ಶೋಗಳಲ್ಲಿ ಕತೆ ಎಲ್ಲೆಲ್ಲಿ ಸೊರಗುತ್ತದೋ ಅಲ್ಲಲ್ಲಿ ಇವು ಬರುತ್ತವೆ. 2024ರ ಜುಲೈ 8ರಂದು ಸುಪ್ರೀಂ ಕೋರ್ಟು ‘ಆಂಖ್ ಮಿಚೋಲಿ’ ಎಂಬ ಹಿಂದಿ ಚಿತ್ರದ ವಿರುದ್ಧದ ಅರ್ಜಿಯಲ್ಲಿ ಕೊಟ್ಟ ತೀರ್ಪು ಇಲ್ಲಿ ದಾರಿ ತೋರಿಸುತ್ತದೆ. ಅಂಗವೈಕಲ್ಯವನ್ನು ಅರ್ಥ ಮಾಡಿಸುವ ಹಾಸ್ಯ ಬೇರೆ, ಅಂಗವಿಕಲರನ್ನು ಕುಗ್ಗಿಸುವ ಹಾಸ್ಯ ಬೇರೆ ಎಂದು ನ್ಯಾಯಾಲಯ ಗೆರೆ ಎಳೆಯಿತು. ‘ಕಾಮಿಡಿ ಕಿಲಾಡಿಗಳು’ ವೇದಿಕೆಯಲ್ಲೇ ಇದಕ್ಕೆ ಒಳ್ಳೆಯ ಸಾಕ್ಷಿ ಇದೆ. ಬೆಳಗಾವಿ ಕಡೆಯ ಸಂಜು ಬಸಯ್ಯ ಎತ್ತರದಲ್ಲಿ ಗಿಡ್ಡ, ಮಾತಿನ ಚುರುಕಿನಲ್ಲಿ ಯಾರಿಗೂ ಕಡಿಮೆ ಇಲ್ಲ. ಅವರೇ ಎದುರಿನವರ ಅಹಂಕಾರವನ್ನು ಒಂದು ಮಾತಿನಲ್ಲಿ ಇಳಿಸಿದಾಗ ನಮ್ಮೂರಿನ ಮಕ್ಕಳಿಂದ ಮುದುಕರ ತನಕ ಎಲ್ಲರೂ ನಗುತ್ತಾರೆ. ಯಾರಾದರೂ ಅವರನ್ನು ಎತ್ತಿಕೊಂಡು ಓಡಾಡಿದಾಗ ಮಕ್ಕಳು ಮಾತ್ರ ನಗುತ್ತಾರೆ, ಮಾರನೆಯ ದಿನ ಶಾಲೆಯಲ್ಲಿ ತಮ್ಮಲ್ಲಿ ಸಣ್ಣವನಾದವನನ್ನು ಎತ್ತಿ ನೋಡುತ್ತಾರೆ. ಸ್ಕಿಟ್ ಬರೆಯುವವರು ಆ ಸಣ್ಣವನನ್ನು ನೆನೆದುಕೊಂಡು ಬರೆಯಬೇಕೆಂದು ಕೇಳುವುದು ದೊಡ್ಡ ಬೇಡಿಕೆಯೇನಲ್ಲ.

ಗಂಡಸರ ಲೇಡಿ ಗೆಟಪ್ಪಿನ ಬಗ್ಗೆಯೂ ನೋಡುಗರಲ್ಲಿ ಒಡಕಿದೆ. ಗಂಡಸು ಹೆಣ್ಣಾಗುವುದು ಕನ್ನಡ ರಂಗಭೂಮಿಗೆ ಹಳೆಯ ಸಂಗತಿ. ಯಕ್ಷಗಾನದ ಸ್ತ್ರೀವೇಷ ಇದೆ, ಕಂಪನಿ ನಾಟಕಗಳಲ್ಲಿ ನಟಿಯರು ಬರುವ ಮುಂಚಿನ ದೊಡ್ಡ ಪರಂಪರೆ ಇದೆ. ಇಲ್ಲಿಂದ ತುಮಕೂರು ದಾಟಿದರೆ ಸಿಗುವ ಗುಬ್ಬಿಯಿಂದ 1884ರಲ್ಲಿ ಹೊರಟ ಕಂಪನಿಯ ವೀರಣ್ಣನವರು ‘ಸದಾರಮೆ’ಯ ಕಳ್ಳನಾಗಿ ನಾಡನ್ನು ನಗಿಸಿದರು, ಮುಂದೆ ಅದೇ ಕಳ್ಳನ ಪಾತ್ರವನ್ನು ಅವರ ಮೊಮ್ಮಗಳು ಬಿ. ಜಯಶ್ರೀ ಮಾಡಿದರು. ಹೆಂಗಸು ಗಂಡಸಾದಾಗ ಅಲ್ಲಿ ನಗು ಬಂದದ್ದು ಕಳ್ಳನ ಜಾಣತನಕ್ಕೆ. ‘ಮಜಾಭಾರತ’ದಲ್ಲಿ ಹೆಣ್ಣಿನ ಪಾತ್ರಗಳಿಂದಲೇ ಹೆಸರಾದ ರಾಘವೇಂದ್ರ ಅವರ ಅಭಿನಯದಲ್ಲೂ ಈ ಮಟ್ಟ ಹಲವು ಸಲ ಕಾಣುತ್ತದೆ: ಕತ್ತಿನ ಒಂದು ತಿರುವು, ಸೆರಗನ್ನು ಸರಿಪಡಿಸಿಕೊಳ್ಳುವ ಹೊತ್ತು, ಕೋಪ ಬಂದಾಗ ತುಟಿ ಬಿಗಿಯುವ ರೀತಿ, ಎಲ್ಲವೂ ನೋಡಿ ಕಲಿತದ್ದು. ಆದರೆ ಎಷ್ಟೋ ಸ್ಕಿಟ್ಟುಗಳಲ್ಲಿ ಸೀರೆ ಉಟ್ಟದ್ದೇ ಪಂಚ್. ಮೀಸೆ ಕಾಣುತ್ತಿರಬೇಕು, ನಡಿಗೆ ಒರಟಾಗಿರಬೇಕು, ಎದುರಿನವನು ಮೈಮುಟ್ಟಿ ಗೇಲಿ ಮಾಡಬೇಕು. ಅಲ್ಲಿ ನೋಡುಗರಿಗೆ ತೋರಿಸುತ್ತಿರುವುದು ಹೆಣ್ಣನ್ನೂ ಅಲ್ಲ, ಹೆಣ್ಣಾಗಿ ಬದುಕುವ ಗಂಡನ್ನೂ ಅಲ್ಲ. ಇಂಥ ಸ್ಕಿಟ್ ಬಂದಾಗ ‘ಮನೆಮಂದಿ ಜೊತೆ ನೋಡೋ ಹಾಗಿಲ್ಲ’ ಎಂದು ನಮ್ಮೂರ ಹೆಂಗಸರು ಹೇಳಿದರೆ, ಅವರನ್ನು ಮಡಿವಂತರೆಂದು ತಳ್ಳಿಹಾಕುವುದು ಅನ್ಯಾಯ.

ತೀರ್ಪುಗಾರರ ಸಾಲಿನ ಬಗ್ಗೆ ಒಂದು ಮಾತು. ಜಗ್ಗೇಶ್, ಯೋಗರಾಜ್ ಭಟ್, ರಕ್ಷಿತಾ ಇದ್ದ ‘ಕಾಮಿಡಿ ಕಿಲಾಡಿಗಳು’ ಶೋಗೆ ದೊಡ್ಡ ಲಾಭವೆಂದರೆ ಜಗ್ಗೇಶ್. ಟೈಮಿಂಗ್ ಎಲ್ಲಿ ತಪ್ಪಿತು, ಯಾವ ಮಾತನ್ನು ನುಂಗಿದ್ದರೆ ಚೆನ್ನಿತ್ತು ಎಂದು ಅವರು ಬಿಡಿಸಿ ಹೇಳಿದ ಹೊತ್ತುಗಳು ಕಲಿಯುವವರಿಗೆ ಪಾಠ. ಆದರೆ ಸಂಕಲನ ಅವರನ್ನೂ ನಗುವ ಮುಖವಾಗಿ ಬಳಸಿಕೊಂಡಿತು. ನಟ ಒಂದು ಮಾತಿಗೆ ಮೈ ಸಿದ್ಧ ಮಾಡಿಕೊಳ್ಳುತ್ತಿರುವಾಗಲೇ ಕ್ಯಾಮೆರಾ ತೀರ್ಪುಗಾರರ ಕಡೆ ಓಡುತ್ತದೆ, ಹಿನ್ನೆಲೆಯಲ್ಲಿ ಡೊಯ್ಯೆಂಬ ಸದ್ದು, ನಿಧಾನಗತಿಯಲ್ಲಿ ಮೇಜು ಬಡಿಯುವ ಕೈ. ಎಲ್ಲಿ ನಗಬೇಕೆಂದು ನಮಗೆ ಹೇಳಿಕೊಡುವ ಈ ಏರ್ಪಾಡು ಶಿವರಾಜ್ ಅವರಂಥ ತಡೆದು ಆಡುವ ನಟನಿಗೆ ನೇರ ನಷ್ಟ. ಆ ತಡವನ್ನೇ ಕತ್ತರಿಸಿ ಹಾಕಿದರೆ ಅವರಲ್ಲಿ ಉಳಿಯುವುದೇನು? ಮೊಬೈಲಿನಲ್ಲಿ ತುಂಡು ತುಂಡಾಗಿ ಓಡುವ ಕ್ಲಿಪ್ಪುಗಳು ಇದನ್ನು ಇನ್ನಷ್ಟು ಕೆಡಿಸಿವೆ. ಹತ್ತು ನಿಮಿಷದ ಸ್ಕಿಟ್ಟಿನಲ್ಲಿ ಏಳನೇ ನಿಮಿಷಕ್ಕೆ ಅರ್ಥ ಪಡೆಯುವ ಬೈಗುಳ, ಮೂವತ್ತು ಸೆಕೆಂಡಿನ ತುಂಡಿನಲ್ಲಿ ಬರಿ ಬೈಗುಳ. ಅದನ್ನಷ್ಟೇ ನೋಡಿದವರು ಇಡೀ ಶೋವನ್ನು ಬೈಯುತ್ತಾರೆ, ಅದನ್ನಷ್ಟೇ ನೋಡಿದವರು ಇಡೀ ಶೋವನ್ನು ಹೊಗಳುತ್ತಾರೆ.

‘ಮಜಾ ಟಾಕೀಸ್’ನ ಕತೆ ಸ್ವಲ್ಪ ಬೇರೆ. 2015ರಲ್ಲಿ ಸೃಜನ್ ಲೋಕೇಶ್ ಅದನ್ನು ಶುರು ಮಾಡಿದಾಗ ಹಿಂದಿಯ ‘ಕಾಮಿಡಿ ನೈಟ್ಸ್ ವಿತ್ ಕಪಿಲ್’ನ ಅಚ್ಚು ಎದ್ದು ಕಾಣುತ್ತಿತ್ತು. ಅದನ್ನು ಕನ್ನಡದ್ದಾಗಿ ಮಾಡಿದವರಲ್ಲಿ ಮೊದಲ ಹೆಸರು ಅಪರ್ಣಾ ಅವರದು. ಪುಟ್ಟಣ್ಣ ಕಣಗಾಲರ ‘ಮಸಣದ ಹೂವು’ ಚಿತ್ರದಿಂದ ಬಂದು, ದಶಕಗಳ ಕಾಲ ನಿರೂಪಣೆಯಲ್ಲಿ ಕನ್ನಡದ ಉಚ್ಚಾರಕ್ಕೆ ಮಾದರಿಯಾಗಿದ್ದವರು, ನಮ್ಮ ಮೆಟ್ರೋದ ಪ್ರಕಟಣೆಗಳಲ್ಲಿ ದಿನವೂ ಕೇಳುತ್ತಿದ್ದ ಆ ದನಿ, ವರಲಕ್ಷ್ಮಿಯಾಗಿ ಬಂದು ಬಡಾಯಿ ಕೊಚ್ಚಿತು. ಒಂದಕ್ಷರವೂ ತಪ್ಪದ ಕನ್ನಡದಲ್ಲಿ ಒಬ್ಬ ಹೆಂಗಸು ತನ್ನ ಬಗ್ಗೆ ತಾನೇ ಸುಳ್ಳು ಹೊಗಳಿಕೊಳ್ಳುತ್ತಾಳೆ! ಇಲ್ಲಿ ನಗೆಯಾದದ್ದು ಶಿಷ್ಟ ಕನ್ನಡವೇ. ಹಳ್ಳಿಯ ಮಾತಷ್ಟೇ ನಗೆಗೆ ಆಹಾರವಾಗುತ್ತಿದ್ದ ಕಾಲದಲ್ಲಿ ಪುಸ್ತಕದ ಕನ್ನಡವನ್ನು ತಾನೇ ಮುಂದೆ ನಿಂತು ನಗೆಗೆ ಒಡ್ಡಿದ ಅಪರ್ಣಾ ಅವರ ಕೆಲಸಕ್ಕೆ ಸಿಗಬೇಕಾದ ಗೌರವ ವಿಮರ್ಶೆಯಲ್ಲಿ ಇನ್ನೂ ಸಿಕ್ಕಿಲ್ಲ. 2024ರ ಜುಲೈ 11ರಂದು ಅವರು ಕ್ಯಾನ್ಸರಿನಿಂದ ತೀರಿಕೊಂಡರು. ಮುಂದಿನ ಫೆಬ್ರವರಿಯಲ್ಲಿ ಶೋ ಮರಳಿದಾಗ ಸೃಜನ್ ಇದ್ದರು, ಕುರಿ ಪ್ರತಾಪ್ ಇದ್ದರು, ಯೋಗರಾಜ್ ಭಟ್ ಬಂದು ಸೇರಿದರು. ನಮ್ಮೂರಲ್ಲಿ ‘ಮೊದಲಿನ ಮಜಾ ಇಲ್ಲ’ ಎಂಬ ಮಾತೂ ಬಂತು, ‘ಹೊಸಬರಿಗೂ ಒಂದು ಅವಕಾಶ ಕೊಡಿ’ ಎಂಬ ಮಾತೂ ಬಂತು. ಮೊದಲನೆಯ ಮಾತನ್ನು ಬರಿ ಹಳೆಯದರ ಮೇಲಿನ ಮೋಹವೆಂದು ನಾನು ಓದುವುದಿಲ್ಲ. ಹೊಸ ಮಂದಿಯಲ್ಲಿ ಚುರುಕಿತ್ತು. ಆದರೆ ವರಲಕ್ಷ್ಮಿಯ ಹಾಗೆ ವಾರದಿಂದ ವಾರಕ್ಕೆ ಬೆಳೆಯುವ ಒಂದು ಪಾತ್ರ ಇರಲಿಲ್ಲ. ಜನರಿಗೆ ಕೊರತೆ ಅನಿಸಿದ್ದು ಅದು.

ಮನುಷ್ಯರನ್ನು ಕಟ್ಟುವವರು ಬರಹಗಾರರು. ಈ ಶೋಗಳಲ್ಲಿ ಗೆದ್ದವರ ಹೆಸರು ನಾಡಿಗೆಲ್ಲ ಗೊತ್ತು, ತೀರ್ಪುಗಾರರ ಹೆಸರು ಗೊತ್ತು, ಪ್ರಾಯೋಜಕ ಕಂಪನಿಯ ಹೆಸರು ಕಂತಿಗೆ ಹತ್ತು ಸಲ ಬರುತ್ತದೆ. ಸ್ಕಿಟ್ ಬರೆದವರ ಹೆಸರು ಕೊನೆಯಲ್ಲಿ ಸಣ್ಣಕ್ಷರದಲ್ಲಿ ಓಡಿ ಮರೆಯಾಗುತ್ತದೆ. ಕಂಪನಿ ನಾಟಕದ ಹ್ಯಾಂಡ್‌ಬಿಲ್ಲು ಬಿಡಿ, ನಮ್ಮ ಸುತ್ತಮುತ್ತ ಹಳ್ಳಿಯವರೇ ಬಣ್ಣ ಹಚ್ಚಿ ಆಡುವ ‘ಕುರುಕ್ಷೇತ್ರ’ದ ಕರಪತ್ರದಲ್ಲಿ ಹಾರ್ಮೋನಿಯಂ ನುಡಿಸಿ ಕಲಿಸಿದ ಡ್ರಾಮಾ ಮಾಸ್ತರ ಹೆಸರು ದಪ್ಪಕ್ಷರದಲ್ಲಿರುತ್ತದೆ. ನಾಟಕ ಕೆಟ್ಟರೆ ಊರಿನವರು ಬೈಯುವುದೂ ಅವರನ್ನೇ. ಟೀವಿಯ ಸ್ಕಿಟ್ಟಿಗೂ ಶುರುವಿನಲ್ಲೇ ಬರೆದವರ ಹೆಸರು ತೆರೆಯ ಮೇಲೆ ಬರಲಿ, ನಟರ ಹೆಸರಿನಷ್ಟೇ ದೊಡ್ಡದಾಗಿ. ರಾಯಚೂರಿನ ಮಾತನ್ನು ಬರೆಯುವವರು ಆ ಕಡೆಯವರೇ ಇರಲಿ, ಅಥವಾ ಆ ಕಡೆಯವರಿಗೆ ಓದಿ ತೋರಿಸಿ ಬರೆದಿರಲಿ. ವಾರಕ್ಕೆ ಎರಡು ಕಂತಿನ ಬದಲು ಒಂದೇ ಕಂತಾದರೂ ನಮ್ಮೂರಿನ ಯಾವ ಮನೆಯೂ ತಕರಾರು ತೆಗೆಯಲಾರದು. ಚಿಲ್ಲರೆಗೆ ಜಗಳವಾಡುವ ಆ ಹೆಂಗಸನ್ನು ಯಾರು ಬರೆದದ್ದು ಎಂದು ಹಾವೇರಿಯವರ ಮನೆಗೂ ಹಾಸನದವರ ಮನೆಗೂ ಗೊತ್ತಾಗಬೇಕು; ಇಷ್ಟವಾದರೆ ಹೆಸರು ಹಿಡಿದು ಹೊಗಳಲಿ, ನೋವಾದರೆ ಹೆಸರು ಹಿಡಿದೇ ಕೇಳಲಿ.